ಕಟ್ಟೆಯಂಚಿನ ಕೊಪ್ಪರಿಗೆ

ನನ್ನ ಅಂಗಡಿಯಲ್ಲಿ ಅರ್ಧ ಗಂಟೆ ವಿಡಿಯೋ ಗೇಮ್ ಆಟಕ್ಕೆ ಅರವತ್ತು ರೂಪಾಯಿ. ಜೊತೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬೇಕೆಂದರೆ ಐವತ್ತು ಹೆಚ್ಚು. ಎಣ್ಣೆಗೈಯಲ್ಲಿ ಕಂಟ್ರೋಲರ್ ಮುಟ್ಟಿದರೆ ಒರೆಸಿ ಕೊಡುವ ಕೆಲಸ ಮುಟ್ಟಿದವರದೇ. ಒಂದು ಕಂಟ್ರೋಲರಿಗೆ ನಾಲ್ಕು ಸಾವಿರ. ಅದರ ಕಡ್ಡಿ ಸವೆದು ಸಡಿಲವಾಗಲು ಹುಡುಗರ ಕೈಯಲ್ಲಿ ಆರು ತಿಂಗಳು ಸಾಕು. ಇದು ಅಂಗಡಿಯ ಲೆಕ್ಕ. ಆಟದೊಳಗಿನ ಲೆಕ್ಕ ಬೇರೆ. ಅಲ್ಲಿ ಒಮ್ಮೆ ನೆಗೆದರೆ ಗಾಳಿಯಲ್ಲಿ ಇನ್ನೊಂದೇ ನೆಗೆತ ಉಳಿಯುತ್ತದೆ, ಅದೂ ಮುಗಿದರೆ ಕಟ್ಟೆ ಮುಟ್ಟುವವರೆಗೆ ಬೇರೆ ಗತಿಯಿಲ್ಲ. ಗುರಿ ತಪ್ಪಿದ ಏಟಿಗೆ, ಬೀಸಿದ ಕೈ ಹಿಂದಕ್ಕೆ ಬರುವಷ್ಟರಲ್ಲಿ, ಎರಡು ಏಟು ತಿನ್ನಬೇಕು. ಇನ್ನು ದುರ್ಗೋಜಿ ಪೈಲ್ವಾನರ ನಲವತ್ತು ವರ್ಷದ ಕುಸ್ತಿಗೆ ಬಿದ್ದ ಬೆಲೆ ಎರಡು ಮಂಡಿ. ಅವುಗಳ ಜಾಗದಲ್ಲಿ ಈಗ ಸ್ಟೀಲು ಇದೆ.

ದಾವಣಗೆರೆಯ ಮಂಡಿಪೇಟೆಯ ಹಿಂದೆ, ಒಂದು ಓಣಿಯ ತುದಿಯಲ್ಲಿ, ನೆಲಮಹಡಿಯಲ್ಲಿ ಗರಡಿಮನೆ, ಅದರ ಮೇಲೆ ನನ್ನ ಅಂಗಡಿ. ನಾನು ಹಾಲಮ್ಮ. ಮೊದಲು ಇದೇ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಮಾಡುತ್ತಿದ್ದೆ, ಆಮೇಲೆ ಜೆರಾಕ್ಸ್ ಮಷೀನು ಇಟ್ಟೆ. ಜನ ಯಾವುದಕ್ಕೆ ಸಾಲು ನಿಲ್ಲುತ್ತಾರೋ ಅದನ್ನು ನೋಡಿ ಅಂಗಡಿ ಬದಲಿಸುವುದೊಂದೇ ನನಗೆ ಗೊತ್ತಿರುವ ವಿದ್ಯೆ. ಈಗಿನವರು 'ಕಟ್ಟೆಕಾಳಗ'ಕ್ಕೆ ಸಾಲು ನಿಲ್ಲುತ್ತಾರೆ.

ಆಟ ಸುಲಭ. ಆಕಾಶದಲ್ಲಿ ಒಂದು ಕಟ್ಟೆ ತೇಲುತ್ತಿರುತ್ತದೆ, ಅದರ ಮೇಲೆ ಇಬ್ಬರು. ಯಾರನ್ನೂ ಕೊಲ್ಲುವುದಿಲ್ಲ, ಕಟ್ಟೆಯಿಂದ ಆಚೆ ದೂಡಬೇಕು ಅಷ್ಟೆ. ತಿಂದ ಏಟುಗಳ ಲೆಕ್ಕ ತಲೆಯ ಮೇಲೆ ಏರುತ್ತಾ ಹೋಗುತ್ತದೆ. ಲೆಕ್ಕ ಹೆಚ್ಚಾದಷ್ಟೂ ಮುಂದಿನ ಏಟಿಗೆ ದೂರ ಹಾರಿ ಹೋಗುತ್ತಾರೆ. ಹಾರಿಹೋದವರು ಗಾಳಿಯಲ್ಲಿ ನೆಗೆದು ವಾಪಸ್ಸು ಬರಬಹುದು, ಕಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೇತಾಡಿ ಮೇಲೆ ಹತ್ತಬಹುದು. ಪಾತ್ರಗಳು ನಲವತ್ತಕ್ಕೂ ಹೆಚ್ಚು. ಎಲ್ಲರಿಗಿಂತ ಜೋರು ಮಿಂಚುಳ್ಳಿ ಎಂಬ ಹಕ್ಕಿಹುಡುಗಿ. ಕೆಳಗೆ ಬಿದ್ದಳು ಅನ್ನುವಷ್ಟರಲ್ಲಿ ಮೇಲಿರುತ್ತಾಳೆ. ಎಲ್ಲರಿಗಿಂತ ಪುಸುಕಲು ಕೊಪ್ಪರಿಗೆ. ಹೆಸರಿಗೆ ತಕ್ಕ ಹೊಟ್ಟೆ, ಕುಳ್ಳು ಕಾಲು, ನೆಗೆದರೆ ಕಲ್ಲು ಬಿದ್ದ ಹಾಗೆ ಬೀಳುತ್ತಾನೆ.

ಗರಡಿಯಲ್ಲಿ ಹುಡುಗರಿಗೆ ಕಲಿಸುವ ಉಸ್ತಾದ ದುರ್ಗೋಜಿ ಮೊದಲ ಸಲ ಮೇಲೆ ಬಂದದ್ದು ಬೈಯಲು. ಹುಡುಗರು ಕುಣಿದಾಡಿ, ಚಾವಣಿಯ ಸುಣ್ಣ ಕೆಳಗೆ ಗರಡಿಯ ಕೆಮ್ಮಣ್ಣಿಗೆ ಉದುರುತ್ತಿತ್ತಂತೆ. ಮೆಟ್ಟಿಲು ಹತ್ತಿ ಬಂದವರಿಗೆ ತಕ್ಷಣ ಇಳಿಯಲು ಮಂಡಿ ಒಪ್ಪಲಿಲ್ಲ. ಕುರ್ಚಿ ಕೊಟ್ಟೆ. ಕೂತು ನೋಡಿದರು. ಬೈಗುಳ ಅರ್ಧದಲ್ಲೇ ನಿಂತಿತು.

"ಆ ಮೂಲ್ಯಾಗ ನಿಂತಾನಲ್ಲ ಹೊಟ್ಟಿ ಬಿಟ್ಕೊಂಡು, ಅವನ್ಯಾರು?"

"ಕೊಪ್ಪರಿಗಿ, ಪೈಲ್ವಾನಜ್ಜ. ಅವನ್ನ ಯಾರೂ ಆಡಂಗಿಲ್ಲ" ಅಂದಳು ನಸ್ರೀನ್. ಫಿಸಿಯೋಥೆರಪಿ ಓದುವ ಹುಡುಗಿ, ನಮ್ಮ ಅಂಗಡಿಯಲ್ಲಿ ಮಿಂಚುಳ್ಳಿಯನ್ನು ಅವಳಷ್ಟು ಚೆಂದ ಆಡಿಸುವವರು ಇನ್ನೊಬ್ಬರಿಲ್ಲ.

"ಯಾಕ?"

"ದಪ್ಪ ಅದಾನ. ಮಂಡಿ ಬಗ್ಗಂಗಿಲ್ಲ."

ಪೈಲ್ವಾನರು ಅವಳನ್ನೊಮ್ಮೆ ನೋಡಿದರು, ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. "ಕೊಡಿಲ್ಲಿ ಅವನ್ನ" ಅಂದರು.

ಅವತ್ತಿನಿಂದ ದಿನಾ ಬಂದರು. ಕುಸ್ತಿಯಲ್ಲಿ ಪಟ್ಟು ಕಲಿತವರಿಗೆ ಇಲ್ಲಿಯ ಪಟ್ಟುಗಳು ಬೇಗ ಹತ್ತಿದವು. ಹುಡುಗರು 'ಜಾರುಹೆಜ್ಜೆ' ಅನ್ನುವುದೊಂದಿದೆ: ಅರ್ಧ ನೆಗೆದು, ಗಾಳಿಯಲ್ಲೇ ಕೆಳಗೆ ಓರೆಯಾಗಿ ತಪ್ಪಿಸಿಕೊಳ್ಳುವ ಬಟನ್ ಒತ್ತಿದರೆ, ಪಾತ್ರ ಹೆಜ್ಜೆಯಿಡದೆ ಕಟ್ಟೆಯ ಮೇಲೆ ಸರ್ರನೆ ಜಾರುತ್ತದೆ. ಜಾರುತ್ತಲೇ ಹೊಡೆಯಬಹುದು. ಅದು ಕೈಗೆ ಬಂದ ದಿನ ದುರ್ಗೋಜಿ ಚಿಕ್ಕ ಮಗುವಿನ ಹಾಗೆ ನಕ್ಕರು. "ಹಾಲಕ್ಕಾ, ಮಂಡಿ ಬಗ್ಗಿಸದಂಗ ಓಡಾಡೋ ಪಟ್ಟು ಐತಲ್ಲ ಇದು! ಇದು ಹತ್ತು ವರ್ಷದ ಹಿಂದ ಎಲ್ಲಿತ್ತು?"

ಆಡಲು ಕಲಿತದ್ದರ ಜೊತೆ ಅವರು ಅಂಗಡಿಗೆ ಒಂದು ನಿಯಮವನ್ನೂ ತಂದರು. ಗರಡಿಯಲ್ಲಿ ಜೋಡಿ ಹಿಡಿದಾಗ ಒಬ್ಬನ ಕಾಲು ಮಣ್ಣಿನ ಕಣದಿಂದ ಆಚೆ ಹೋದರೆ ಇನ್ನೊಬ್ಬ ಕೈ ಬಿಡಬೇಕು. ಅವನು ಒಳಗೆ ಬಂದು, ಚಿಟಿಕೆ ಮಣ್ಣು ಮುಟ್ಟಿ ಹೂಂ ಅಂದ ಮೇಲೆಯೇ ಮತ್ತೆ ಕೈ ಹಾಕಬೇಕು. ಒಮ್ಮೆ ಯಾರೋ ಹುಡುಗ ಅಂಚಿನಲ್ಲಿ ನೇತಾಡುತ್ತಿದ್ದವನ ಬೆರಳಿಗೆ ತುಳಿದದ್ದನ್ನು ಪೈಲ್ವಾನರು ನೋಡಿದರು. ಕಂಟ್ರೋಲರ್ ಕೆಳಗಿಟ್ಟು ಎದ್ದು ನಿಂತರು. "ಕಣದ ಹೊರಗ ಇರೋನ ಮ್ಯಾಲ ಕೈ ಮಾಡ್ತೀಯೇನ್ಲೇ? ನಿಮ್ಮಪ್ಪ ನಮ್ಮ ಗರಡಿಯಾಗ ಬೆಳದಾಂವ. ಅವನಿಗೆ ಹೇಳ್ಲೇನು?"

ಅಷ್ಟೇ ಸಾಕಾಯಿತು. ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ನೇತಾಡುವವನಿಗೆ ಯಾರೂ ಹೊಡೆಯುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಅವನು ಹತ್ತಿ ಬರುವವರೆಗೆ ನಿಲ್ಲುತ್ತಾರೆ. ಊರಿನ ಬೇರೆ ಅಂಗಡಿಗಳಿಗೂ ಇದು ಹಬ್ಬಿತು. ನಮ್ಮಲ್ಲಿ ಆಡಿದ ಹುಡುಗರೇ ಅಲ್ಲಿಗೂ ಹೋಗುವವರು. ಕೊಪ್ಪರಿಗೆಯೂ ಹಬ್ಬಿದ. ಪೈಲ್ವಾನಜ್ಜ ಆಡುತ್ತಾರೆಂದು ಹುಡುಗರೆಲ್ಲ ಅವನನ್ನೇ ಹಿಡಿದರು. ಬೇರೆ ಊರಲ್ಲಿ ಯಾರೂ ಮೂಸಿ ನೋಡದ ಪಾತ್ರಕ್ಕೆ ದಾವಣಗೆರೆಯಲ್ಲಿ ಸರದಿ ಕಾಯಬೇಕಾಯಿತು.

ಈಗ ತಕ್ಕಡಿಯ ವಿಷಯ ಹೇಳಬೇಕು.

ಹಿಂದೆಲ್ಲ ಇಂಥ ಆಟಗಳಲ್ಲಿ ಯಾವ ಪಾತ್ರ ಎಷ್ಟು ಜೋರಾಗಿರಬೇಕೆಂದು ಕಂಪನಿಯವರು ಕೂತು ನಿರ್ಧರಿಸುತ್ತಿದ್ದರಂತೆ. ಹೊಸ ಪಾತ್ರ ಮಾರಬೇಕಾದಾಗ ಅದಕ್ಕೆ ಶಕ್ತಿ ಜಾಸ್ತಿ ತುಂಬುವುದು, ಮಾರಾಟ ಮುಗಿದ ಮೇಲೆ ಇಳಿಸುವುದು. ಜನ ಗಲಾಟೆ ಮಾಡಿದರು. ಅದಕ್ಕೇ ಕಟ್ಟೆಕಾಳಗದವರು ಆ ಕೆಲಸವನ್ನು 'ತಕ್ಕಡಿ' ಎಂಬ ಒಂದು ಯಂತ್ರಕ್ಕೆ ಒಪ್ಪಿಸಿದರು. ಅದು ಎಲ್ಲ ಊರಿನ ಎಲ್ಲ ಪಂದ್ಯ ನೋಡುತ್ತದೆ. ಕಂಟ್ರೋಲರಿನೊಳಗಿನ ಸೆನ್ಸರುಗಳು ಬೆರಳು ಯಾವಾಗ ಒತ್ತಿತು, ಎಷ್ಟು ನಡುಗಿತು ಎಂಬುದನ್ನೂ ಅದಕ್ಕೆ ಹೇಳುತ್ತವೆ. ಗೆದ್ದವನ ಗೆಲುವಿನಲ್ಲಿ ಆಡಿದವನ ಕೈಯದ್ದು ಎಷ್ಟು, ಪಾತ್ರದ ಮೈಯದ್ದು ಎಷ್ಟು ಎಂದು ಎರಡು ತಟ್ಟೆಯಲ್ಲಿ ಹಾಕಿ ತೂಗುತ್ತದೆ. ಮೈಯ ತಟ್ಟೆ ಭಾರವಾದರೆ ಆ ಪಾತ್ರದ ಶಕ್ತಿ ಇಳಿಸುತ್ತದೆ, ಹಗುರವಾದರೆ ಏರಿಸುತ್ತದೆ. ಪ್ರತಿ ಶುಕ್ರವಾರ ಬೆಳಿಗ್ಗೆ, ಬೆಣ್ಣೆದೋಸೆ ಹೋಟೆಲಿನ ಒಲೆ ಹೊತ್ತುವ ಹೊತ್ತಿಗೆ, ಹೊಸ ತೂಕ ಬರುತ್ತದೆ.

ಕೊಪ್ಪರಿಗೆ ಶುಕ್ರವಾರದಿಂದ ಶುಕ್ರವಾರಕ್ಕೆ ಸೊರಗತೊಡಗಿದ. ಮೊದಲು ಗುದ್ದಿನ ಜೋರು ಹೋಯಿತು. ಆಮೇಲೆ ಮೈಯ ಭಾರ ಹೋಗಿ ಮಿಂಚುಳ್ಳಿಯ ರೆಕ್ಕೆಗಾಳಿಗೂ ತೂರಾಡುವಂತಾದ. ಅಷ್ಟಾದರೂ ನಮ್ಮೂರಲ್ಲಿ ಗೆಲ್ಲುತ್ತಲೇ ಇದ್ದ. ಬೇರೆ ಊರಲ್ಲಿ ಅಪ್ಪಿತಪ್ಪಿ ಆಡಿದವರೆಲ್ಲ ಸೋಲುತ್ತಿದ್ದರು. ಕೊನೆಗೆ ಒಂದು ಶುಕ್ರವಾರ ಸ್ಕ್ರೀನಿನ ಮೇಲೆ ಸೂಚನೆ ಬಂತು: ಕೊಪ್ಪರಿಗೆ ತೂಕಕ್ಕೆ ಸಿಗುತ್ತಿಲ್ಲ. ಮುಂದಿನ ವಾರವೂ ಸಿಗದಿದ್ದರೆ ಅವನನ್ನು ಆಟದಿಂದ ತೆಗೆಯಲಾಗುವುದು.

ನಸ್ರೀನ್ ಗಟ್ಟಿಯಾಗಿ ಓದಿದಳು. ದುರ್ಗೋಜಿ ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡರು.

"ಬೇರೆ ಪಾತ್ರ ಐತಲ್ಲ ಅಜ್ಜ" ಅಂದ ಒಬ್ಬ ಹುಡುಗ.

"ಹೂಂ. ಐತಿ" ಅಂದರು. ಎದ್ದು ಮೆಟ್ಟಿಲು ಇಳಿದರು, ಗೋಡೆ ಹಿಡಿದುಕೊಂಡು, ಒಂದೊಂದಾಗಿ.

ಮರುದಿನ ಬರಲಿಲ್ಲ. ಸಂಜೆ ನಾನೇ ಅವರ ಮನೆಗೆ ಹೋದೆ. ನನಗೂ ಸ್ವಾರ್ಥವಿತ್ತು, ಇಲ್ಲವೆನ್ನುವುದಿಲ್ಲ. ಪೈಲ್ವಾನರು ಕೂತ ಕುರ್ಚಿಯ ಸುತ್ತಲೇ ಅಂಗಡಿ ತುಂಬುತ್ತಿತ್ತು. ಹೋದರೆ, ಅವರ ಹೆಂಡತಿ ಯಮುನಾಬಾಯಿ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು.

"ಒಳಗ ಕೂತಾರ ನೋಡ್ರಿ, ಗೋಡಿಗೆ ಮಾರಿ ಮಾಡಿ. ಮಂಡಿ ಆಪರೇಷನ್ ಆದಾಗೂ ಹಿಂಗ ಇದ್ದಿಲ್ಲ. ಯಾರೋ ಕೊಪ್ಪರಿಗಿ ಸಾಯ್ತಾನಂತ. ನಮ್ಮ ಮಾವ ತೀರ್ಕೊಂಡಾಗ ಊಟ ಬಿಟ್ಟಿದ್ದಿಲ್ಲ ಇವರು."

ಒಳಗಿನಿಂದ ದನಿ ಬಂತು. "ನಗಬ್ಯಾಡ. ನಾನು ಓಡಿ ಎಷ್ಟು ವರ್ಷ ಆತು ಗೊತ್ತೈತೇನು? ಅವನ ಮೈಯಾಗ ಕೂತು ನಾನು ದಿನಾ ಓಡ್ತೀನಿ. ಜಿಗೀತೀನಿ. ಬಿದ್ದು ಏಳ್ತೀನಿ. ಇರೋ ಒಂದು ಮೈ ಕೆಟ್ಟು ಹೋತು, ಇನ್ನೊಂದು ಸಿಕ್ಕಿತ್ತು. ಅದನ್ನೂ ಕಸ್ಕೊಂತಾರ ಅಂದ್ರ?"

ಯಮುನಾಬಾಯಿಯ ಕೈ ತೊಟ್ಟಿನ ಮೇಲೆ ನಿಂತಿತು. ಅವರೇ ಅಂದರು: "ಆ ತಕ್ಕಡಿ ಯಾವೂರಾಗ ಐತಿ ಹಾಲಮ್ಮಾರ? ಹೋಗಿ ಕೇಳಬಾರ್ದೇನು?"

ತಕ್ಕಡಿಯನ್ನು ನೋಡಿಕೊಳ್ಳುವ ಕಚೇರಿ ಮಂಗಳೂರಿನಲ್ಲಿತ್ತು. ನಾನು ಫೋನು ಮಾಡಿದೆ, ಬರಬಹುದು ಅಂದರು. ಮಂಗಳವಾರ ನಸುಕಿಗೆ ನಾನು, ದುರ್ಗೋಜಿ, ನಸ್ರೀನ್ ಬಸ್ಸು ಹತ್ತಿದೆವು. ಯಮುನಾಬಾಯಿ ಒಂದು ಡಬ್ಬಿ ಒಗ್ಗರಣೆ ಮಂಡಕ್ಕಿ ಕಟ್ಟಿಕೊಟ್ಟರು, "ಅರ್ಧ ಯಂತ್ರಕ್ಕೂ ಕೊಡ್ರಿ" ಅಂತ ಹೇಳಿ.

ದುರ್ಗೋಜಿ ಮನಸ್ಸಿನಲ್ಲಿ ದೊಡ್ಡದೊಂದು ಯಂತ್ರ ಕಲ್ಪಿಸಿಕೊಂಡಿದ್ದರು, ಹತ್ತಿ ಮಿಲ್ಲಿನ ಬಾಯ್ಲರ್ ಹಾಗೆ. ಅಲ್ಲಿ ನೋಡಿದರೆ ತಣ್ಣಗಿನ ಒಂದು ಕೋಣೆ, ಗೋಡೆ ತುಂಬ ಸ್ಕ್ರೀನು, ಕಿಟಕಿಯಾಚೆ ಸಮುದ್ರ. ಕೂದಲು ಗಂಟು ಕಟ್ಟಿದ ಒಬ್ಬಾಕೆ ಎದ್ದು ಬಂದು ಕೈಮುಗಿದರು. ಹೆಸರು ಪ್ರೆಸಿಲ್ಲಾ ಲೋಬೊ, ತಕ್ಕಡಿಯ ಇಂಜಿನಿಯರ್.

"ತಕ್ಕಡಿ ಎಲ್ಲೈತಿ ತಾಯಿ?" ಪೈಲ್ವಾನರು ಸುತ್ತ ನೋಡಿದರು.

"ಇಲ್ಲಿ ಅಂತ ಇಲ್ಲ ಅಜ್ಜ. ಎಲ್ಲ ಕಡೆಯೂ ಉಂಟು."

"ದೆವ್ವ ಇದ್ದಂಗ?"

"ಹಾಗೇ. ಆದ್ರೆ ದೆವ್ವ ಶುಕ್ರವಾರ ಬೆಳಿಗ್ಗೆ ರಿಪೋರ್ಟ್ ಕೊಡುದಿಲ್ಲ ಅಲ್ವಾ. ಕೂತ್ಕೊಳ್ಳಿ, ಮಂಡಿ ನೋವು ಉಂಟು ಅಂದ್ರಲ್ಲ."

ಪ್ರೆಸಿಲ್ಲಾ ಒಂದು ನಕ್ಷೆ ತೆರೆದರು. ಕೊಪ್ಪರಿಗೆ ಗೆದ್ದ ಕಡೆಯೆಲ್ಲ ಕೆಂಪು ಚುಕ್ಕೆ. ಇಡೀ ದೇಶ ಖಾಲಿ; ದಾವಣಗೆರೆಯ ಜಾಗದಲ್ಲಿ ಮಾತ್ರ ಮೆಣಸಿನಪುಡಿ ಚೆಲ್ಲಿದ ಹಾಗೆ.

"ಇದೇ ನನಗೆ ತಲೆನೋವು. ಬೇರೆ ಎಲ್ಲ ಕಡೆ ಇವನು ಸೋಲ್ತಾನೆ. ನಿಮ್ಮಲ್ಲಿ ಗೆಲ್ತಾನೆ. ನಿಮ್ಮ ಕೈ ಒಳ್ಳೆಯದೇ, ಅದನ್ನು ತಕ್ಕಡಿ ಒಪ್ತದೆ. ಆದ್ರೂ ಕೈಗೆ ಮೀರಿ ಗೆಲ್ತಾನೆ. ಮೈಯಲ್ಲಿ ಎಂತದೋ ಉಂಟು ಅಂತ ಅದರ ಲೆಕ್ಕ. ಎಂತ ಅಂತ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಲ್ಲೊಂದು ನೋಡಿ."

ನಮ್ಮದೇ ಅಂಗಡಿಯ ಪಂದ್ಯ. ಕೊಪ್ಪರಿಗೆ ಅಂಚಿನಲ್ಲಿ ನೇತಾಡುತ್ತಿದ್ದಾನೆ, ಮಿಂಚುಳ್ಳಿ ಎರಡು ಹೆಜ್ಜೆ ಹಿಂದೆ ನಿಂತಿದ್ದಾಳೆ. ಅಲ್ಲಾಡುತ್ತಿಲ್ಲ.

"ಹೀಗೆ ಪ್ರತಿ ಸಲ. ಕೊಪ್ಪರಿಗೆ ನೇತಾಡಿದ ಕೂಡ್ಲೆ ಎದುರಿನವರು ಕಲ್ಲಾಗ್ತಾರೆ. ಮೊದಲು ನಿಮ್ಮೂರಲ್ಲಿ ಇಂಟರ್ನೆಟ್ ಕೆಟ್ಟಿದೆ ಅಂದ್ಕೊಂಡೆ. ಚೆಕ್ ಮಾಡಿದ್ರೆ ಸರಿಯೇ ಉಂಟು. ನಮ್ಮ ಕೋಡಿನಲ್ಲಿ ತಪ್ಪಿದೆಯಾ ಅಂತ ಒಂದು ವಾರ ಹುಡುಕಿದೆ ಮಾರ್ರೆ."

ನಸ್ರೀನ್ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ದುರ್ಗೋಜಿ ಸ್ಕ್ರೀನನ್ನೇ ನೋಡುತ್ತಿದ್ದರು.

"ಕಲ್ಲಾಗಿಲ್ಲ ತಾಯಿ" ಅಂದರು. "ನನ್ನ ಕಾಯಾಕತ್ಯಾಳ. ಮ್ಯಾಲ ಬರ್ಲಿ ಅಂತ."

"ಯಾಕೆ?"

ಗರಡಿಯ ನಿಯಮ ಹೇಳಿದರು. ಪ್ರೆಸಿಲ್ಲಾ ಕೇಳುತ್ತಾ ಕೇಳುತ್ತಾ ಕುರ್ಚಿಗೆ ಒರಗಿದರು. ಆಮೇಲೆ ನಗಲು ಶುರು ಮಾಡಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ದೇವರೇ! ತಕ್ಕಡಿ ಎಂತ ತಿಳ್ಕೊಂಡಿದೆ ಗೊತ್ತುಂಟಾ? ನೇತಾಡುವ ಕೊಪ್ಪರಿಗೆಗೆ ಎದುರಿನವರನ್ನು ಕಲ್ಲು ಮಾಡುವ ಶಕ್ತಿ ಉಂಟು ಅಂತ! ಆ ಶಕ್ತಿ ಎಲ್ಲಿದೆ ಅಂತ ಸಿಗ್ಲಿಲ್ಲ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಕತ್ತರಿಸ್ತಾ ಬಂದಿದೆ."

ಮಿಂಚುಳ್ಳಿಯಂಥವರು ಅಂಚು ಹಿಡಿಯುವ ಪ್ರಮೇಯವೇ ಕಡಿಮೆ, ಸೀದಾ ಹಾರಿ ಬರುತ್ತಾರೆ. ನೇತಾಡಲೇಬೇಕಾದವನು ಕೊಪ್ಪರಿಗೆಯೊಬ್ಬನೇ. ಬೇರೆ ಊರಲ್ಲಿ ಅವನನ್ನು ಅಲ್ಲೇ ತುಳಿದು ಬೀಳಿಸುತ್ತಾರೆ, ಅದಕ್ಕೇ ಅವನು ಪುಸುಕಲು. ನಮ್ಮೂರಲ್ಲಿ ಮೇಲೆ ಬರಲು ಬಿಡುತ್ತಾರೆ. ನಾವು ತೋರಿಸಿದ ಮರ್ಯಾದೆಯೆಲ್ಲ ಅವನ ಮೈಯ ತಟ್ಟೆಗೆ ಬಿದ್ದಿತ್ತು.

"ಹಂಗಾರ ಅದಕ್ಕ ಹೇಳ್ರಿ, ಹಿಂಗಲ್ಲ ಹಂಗ ಅಂತ" ಅಂದೆ ನಾನು.

"ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ. ಯಾರ ಮಾತೂ ಕೇಳಬಾರ್ದು ಅಂತಲೇ ಅದನ್ನು ಮಾಡಿದ್ದು. ಕೇಳುವ ಹಾಗಿದ್ರೆ ನಾಳೆ ನಮ್ಮ ಮಾರಾಟದವರು ಬಂದು ಕಿವಿ ಊದ್ತಾರೆ. ಅದು ಕಂಡದ್ದನ್ನು ಮಾತ್ರ ನಂಬ್ತದೆ." ಅವರು ಸ್ವಲ್ಪ ಯೋಚಿಸಿದರು. "ಒಂದು ಕೆಲಸ ಮಾಡ್ಬಹುದು. ಕೈ, ಮೈ ಎರಡರ ಜೊತೆ ಮೂರನೇ ಒಂದು ತಟ್ಟೆ ಇಡ್ಬಹುದು. ಎದುರಿನವರು ಬಿಟ್ಟುಕೊಟ್ಟದ್ದನ್ನು ತೂಗ್ಲಿಕ್ಕೆ. ಇಡುದು ನನ್ನ ಕೆಲಸ, ಆದ್ರೆ ಖಾಲಿ ತಟ್ಟೆ ಇಡ್ಲಿಕ್ಕೆ ಮಾತ್ರ ನನಗೆ ಆಗುದು. ಅದರಲ್ಲಿ ತೂಕ ಬೀಳ್ಬೇಕಾದ್ರೆ ಅದೇ ಕೈ, ಅದೇ ಮೈ, ಒಮ್ಮೆ ಬಿಟ್ಟದ್ದು ಕಾಣ್ಬೇಕು, ಒಮ್ಮೆ ಹೊಡೆದದ್ದು ಕಾಣ್ಬೇಕು. ಆಗ ವ್ಯತ್ಯಾಸ ಗೊತ್ತಾಗ್ತದೆ. ತುಂಬಾ ಪಂದ್ಯ ಬೇಕು, ಗುರುವಾರ ಸಂಜೆ ಒಳಗೆ."

"ಹೊಡೀಬೇಕು ಅಂದ್ರ? ಅಂಚಿನ್ಯಾಗ ಇದ್ದಾಗ?" ಕೇಳಿದರು ದುರ್ಗೋಜಿ.

"ಹೌದು ಅಜ್ಜ."

"ಅದು ಆಗಂಗಿಲ್ಲ."

ಯಂತ್ರಕ್ಕೆಂದು ತಂದ ಮಂಡಕ್ಕಿಯನ್ನು ಪ್ರೆಸಿಲ್ಲಾ ತಿಂದರು, ಖಾರಕ್ಕೆ ಮೂಗು ಒರೆಸಿಕೊಂಡು ಇನ್ನೊಂದು ಹಿಡಿ ಹಾಕಿಸಿಕೊಂಡರು. ನಾವು ವಾಪಸ್ಸು ಹೊರಟೆವು. ದಾರಿಯುದ್ದಕ್ಕೂ ಪೈಲ್ವಾನರು ಕಿಟಕಿಯ ಕಡೆ ಮುಖ ಮಾಡಿದ್ದರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಅವರ ಎರಡನೇ ಮೈಯನ್ನು ಕೊಲ್ಲುತ್ತಿದ್ದದ್ದು ಅವರೇ ಕಲಿಸಿದ ನಿಯಮ. ನಿಯಮ ಮುರಿದರೆ ಕೊಪ್ಪರಿಗೆ ಉಳಿಯುತ್ತಾನೆ, ಆದರೆ ಗರಡಿಯ ಉಸ್ತಾದ ಹುಡುಗರಿಗೆ ಏನೆಂದು ಮುಖ ತೋರಿಸಬೇಕು?

ಬುಧವಾರ ಬೆಳಿಗ್ಗೆ ಯಮುನಾಬಾಯಿ ರೊಟ್ಟಿ ಬಡಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ನಾನೂ ಅಲ್ಲೇ ಕೂತಿದ್ದೆ.

"ಒಂದು ಮಾತು ಕೇಳ್ತೀನಿ" ಅಂದರು. "ನಮ್ಮ ಮದುವಿ ಹೊಸದ್ರಾಗ ದಿನಾ ಮೈತುಂಬ ಮಣ್ಣು ಮಾಡ್ಕೊಂಡು ಬರ್ತಿದ್ರಿ. ಇಷ್ಟು ದೊಡ್ಡ ಪೈಲ್ವಾನಗ ಯಾರು ಕೆಡವಿದ್ರು ಅಂತ ನಾನು ಗಾಬರಿ ಆಗಿದ್ದೆ. ಏನಂದಿದ್ರಿ ಆಗ?"

"ಏನಂದಿದ್ದೆ?"

"'ನಾನ ಕೆಡವಿಸ್ಕೊಂಡೆ. ಹುಡುಗರಿಗೆ ಪಟ್ಟು ಕಲಸಬೇಕಂದ್ರ ಉಸ್ತಾದ ಬೀಳಬೇಕು' ಅಂದಿದ್ರಿ."

"ಅದು ತಾಲೀಮು. ಪಂದ್ಯ ಬ್ಯಾರೆ, ತಾಲೀಮು ಬ್ಯಾರೆ. ತಾಲೀಮಿನಾಗ ಉಸ್ತಾದ ಹೊಡಿ ಅಂದ್ರ ಹೊಡೀಬೇಕು, ಕಣದ ಒಳಗಾಗ್ಲಿ ಹೊರಗಾಗ್ಲಿ…" ಮಾತು ಅಲ್ಲೇ ನಿಂತಿತು.

ಯಮುನಾಬಾಯಿ ರೊಟ್ಟಿ ಮಗುಚಿ ಹಾಕಿದರು. "ಆ ತಕ್ಕಡಿನೂ ಒಂದು ಹುಡುಗ ಅಂತ ತಿಳ್ಕೊಳ್ರಿ. ದಡ್ಡ ಹುಡುಗ. ಕಂಡಿದ್ದಷ್ಟ ನಂಬ್ತೈತಂತ. ಕಲಸ್ರಿ."

ದುರ್ಗೋಜಿ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದರು.

ಗುರುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಜನ. ಪೈಲ್ವಾನರು ಕೆಳಗಿನ ಗರಡಿಯಿಂದ ಒಂದು ತಟ್ಟೆಯಲ್ಲಿ ಕೆಮ್ಮಣ್ಣು ತಂದು ಸ್ಕ್ರೀನಿನ ಮುಂದಿಟ್ಟರು. ನನಗೆ ಕಂಟ್ರೋಲರ್‌ಗಳದ್ದೇ ಚಿಂತೆ, ಆದರೆ ಸುಮ್ಮನಿದ್ದೆ.

"ಎಲ್ಲಾರೂ ಕೇಳ್ರಿ. ಇವತ್ತು ಪಂದ್ಯ ಇಲ್ಲ. ತಾಲೀಮು. ಒಂದು ಆಟ ಮಾಮೂಲಿ, ನೇತಾಡೋನ್ನ ಬಿಡಬೇಕು. ಇನ್ನೊಂದು ಆಟದಾಗ ನಾನು ಹೊಡಿ ಅಂದ್ರ ಹೊಡೀಬೇಕು. ಮಣ್ಣು ಮುಟ್ಟಿ ಆಡ್ರಿ. ನಾಳೆಯಿಂದ ಮತ್ತ ಹಳೇ ನಿಯಮ. ಬಾ ನಸ್ರೀನ್."

ಮಂಗಳೂರಿನಿಂದ ಪ್ರೆಸಿಲ್ಲಾ ಫೋನಿನಲ್ಲಿ ಬಂದರು. ನಾನು ಫೋನನ್ನು ಬಿಸ್ಕಿಟ್ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ಮೊದಲ ಆಟ ಮಾಮೂಲಿಯಾಗಿ ಮುಗಿಯಿತು. ಎರಡನೆಯದರಲ್ಲಿ ಕೊಪ್ಪರಿಗೆ ಹಾರಿಹೋಗಿ, ಕಷ್ಟಪಟ್ಟು ಬಂದು ಅಂಚು ಹಿಡಿದ.

"ಹೊಡಿ!"

ಮಿಂಚುಳ್ಳಿ ಅಲ್ಲಾಡಲಿಲ್ಲ.

"ಹೊಡಿಯವ್ವಾ!"

"ಅಜ್ಜಾ, ಬೆರಳು ಒತ್ತವಲ್ದು." ನಸ್ರೀನಳ ದನಿ ಅಳುವಂತಿತ್ತು.

"ಮೊನ್ನೆ ನನ್ನ ಮಂಡಿ ಹಿಡ್ದು ವ್ಯಾಯಾಮ ಮಾಡಿಸುವಾಗ ಅಯ್ಯೋ ಅಂದ್ರೂ ಬಿಡ್ಲಿಲ್ಲ, ಆಗ ಎಲ್ಲಿಗೆ ಹೋಗಿತ್ತು ಈ ಕರುಣೆ? ಒತ್ತಲೇ!"

ಯಾರೋ ಕಿಸಕ್ಕೆಂದರು. ನಸ್ರೀನ್ ಕಣ್ಣು ಮುಚ್ಚಿ ಒತ್ತಿದಳು. ಮಿಂಚುಳ್ಳಿಯ ಕಾಲು ಬೆರಳಿನ ಮೇಲೆ ಬಿತ್ತು, ಕೊಪ್ಪರಿಗೆ ಕಲ್ಲಿನ ಹಾಗೆ ಕೆಳಗಿಳಿದು ಮಾಯವಾದ. ಅಷ್ಟೂ ಜನ ಪೈಲ್ವಾನರ ಮುಖ ನೋಡಿದರು.

"ಭೇಷ್" ಅಂದರು ಅವರು. "ಇನ್ನೊಂದ್ಸಲ."

ಆಮೇಲೆ ಬೆರಳುಗಳ ಸಂಕೋಚ ಬಿಟ್ಟಿತು. ಐದು ಸ್ಕ್ರೀನಿನಲ್ಲೂ ಕೊಪ್ಪರಿಗೆಗಳು ನೇತಾಡಿದವು, ಬಿದ್ದವು. ಮುಂದಿನ ಆಟದಲ್ಲಿ ನೇತಾಡಿದವು, ಮೇಲೆ ಬಂದವು. ಪ್ರತಿ ಸಲ ಬಿದ್ದಾಗ ಪೈಲ್ವಾನರು "ಭೇಷ್" ಅನ್ನುವುದು, ಹುಡುಗರು ಹೋ ಅನ್ನುವುದು. ಸುಣ್ಣ ಉದುರುತ್ತಿದೆಯೆಂದು ಕೆಳಗಿನ ಗರಡಿಯಿಂದ ಬೈಯಲು ಬಂದವರೂ ಕೂತು ಮಣ್ಣು ಮುಟ್ಟಿದರು. ಮಧ್ಯಾಹ್ನ ಯಮುನಾಬಾಯಿ ಮೆಣಸಿನಕಾಯಿ ಬಜ್ಜಿಯ ಬುಟ್ಟಿ ಹೊತ್ತು ಬಂದರು. ಬಿಸ್ಕಿಟ್ ಡಬ್ಬಿಯ ಕಡೆಯಿಂದ ಕೂಗು ಬಂತು: "ಅಕ್ಕಾ, ಮೂರನೇ ತಟ್ಟೆ ಅಲ್ಲಾಡ್ತಾ ಉಂಟು! ನಿಲ್ಲಿಸ್ಬೇಡಿ!"

ಊಟದ ನಂತರ ಒಂದು ಘಟನೆ ನಡೆಯಿತು. ಯಾರೂ ಅದನ್ನು ಯೋಜಿಸಿರಲಿಲ್ಲ.

ಕೊಪ್ಪರಿಗೆ ಮತ್ತೆ ಅಂಚಿನಲ್ಲಿದ್ದ. ನಸ್ರೀನ್ ಈ ಸಲ ಓರೆಯಾಗಿ ಹೊಡೆದಳು. ಅವನು ಕೆಳಗೆ ಬೀಳುವ ಬದಲು ಕಟ್ಟೆಯದೇ ಬದಿಗೋಡೆಯ ಕಡೆ ಹಾರಿದ. ಕುಸ್ತಿಯಲ್ಲಿ ಬೀಳುವವನು ಬೆನ್ನು ನೆಲಕ್ಕೆ ತಾಗುವ ಹೊತ್ತಿಗೆ ಅಂಗೈಯಿಂದ ಮಣ್ಣು ಬಡಿಯುತ್ತಾನೆ. ಏಟೆಲ್ಲ ಕೈಯಲ್ಲಿ ಹೋಗಿ ಮೈ ಉಳಿಯುತ್ತದೆ. ನಲವತ್ತು ವರ್ಷ ಹಾಗೆ ಬಿದ್ದ ಕೈ. ಪೈಲ್ವಾನರ ಬೆರಳು ತಾನಾಗಿಯೇ ಬಟನ್ ಬಡಿಯಿತು. ಸ್ಕ್ರೀನಿನಲ್ಲಿ ಕೊಪ್ಪರಿಗೆ ಅಂಗೈಯಿಂದ ಗೋಡೆ ಬಡಿದ, ಠಪ್ ಎಂದು ಸದ್ದಾಯಿತು. ಅಲ್ಲೇ ಗಕ್ಕನೆ ನಿಂತ. ಹೊಟ್ಟೆ ಕುಲುಕಿಸಿ ಗೋಡೆಯನ್ನು ಒದ್ದು ಮೇಲಕ್ಕೆ ಚಿಮ್ಮಿ, ಮಿಂಚುಳ್ಳಿಯ ತಲೆಯ ಮೇಲಿಂದ ಹಾರಿ ಕಟ್ಟೆಯ ನಡುವೆ ನಿಂತ.

ಹುಡುಗರೆಲ್ಲ ಸ್ಕ್ರೀನಿನ ಹತ್ತಿರ ನುಗ್ಗಿದರು.

"ಏನ್ರೀ ಅದು?" ನಾನು ಫೋನಿಗೆ ಕೇಳಿದೆ.

ಪ್ರೆಸಿಲ್ಲಾ ಅದನ್ನೇ ಹಿಂದೆ ಓಡಿಸಿ ನೋಡುತ್ತಿದ್ದರು. "ಗೋಡೆಬಡಿತ ಅಂತ. ಎಲ್ಲ ಪಾತ್ರಕ್ಕೂ ಮೊದಲ ದಿನದಿಂದಲೂ ಉಂಟು. ಆದ್ರೆ ಗೋಡೆ ತಾಗಿದ ಕ್ಷಣವೇ ಒತ್ತಬೇಕು, ಕಣ್ಣು ಮಿಟುಕಿಸುವಷ್ಟೂ ಸಮಯ ಇಲ್ಲ. ಕೊಪ್ಪರಿಗೆಗೆ ಮಾತ್ರ…" ಅವರು ಇನ್ನೊಮ್ಮೆ ನೋಡಿದರು. "ಅಯ್ಯೋ, ಹೊಟ್ಟೆ! ಅವನ ಹೊಟ್ಟೆ ಮೊದಲು ತಾಗ್ತದೆ, ಆಮೇಲೆ ಕೈ. ಅದರ ನಡುವೆ ಬೇಕಾದಷ್ಟು ಸಮಯ ಸಿಗ್ತದೆ. ಬೇರೆ ಊರಲ್ಲಿ ಇವನನ್ನು ಯಾರೂ ಆಡುದಿಲ್ಲ. ನಿಮ್ಮೂರಲ್ಲಿ ಇವನಿಗೆ ಯಾರೂ ಅಂಚಿನಲ್ಲಿ ಹೊಡೆಯುದಿಲ್ಲ. ಹಾಗಾಗಿ ಯಾರಿಗೂ ಗೊತ್ತೇ ಆಗ್ಲಿಲ್ಲ, ನನಗೂ!"

ದುರ್ಗೋಜಿ ಹೆಂಡತಿಯ ಕಡೆ ತಿರುಗಿದರು. "ಕೇಳಿದೇನು? ಹೊಟ್ಟಿ ಕರಗಸ್ರಿ ಕರಗಸ್ರಿ ಅಂತಿದ್ದಿ."

"ಅವನ ಹೊಟ್ಟಿ ಇರ್ಲಿ. ನಿಮ್ಮದು ಕರಗ್ಲಿ" ಅಂದರು ಯಮುನಾಬಾಯಿ, ಬುಟ್ಟಿಯಿಂದ ಅವರ ಕೈಗೆ ಇನ್ನೊಂದು ಮೆಣಸಿನಕಾಯಿ ಕೊಡುತ್ತಾ.

ಸಂಜೆಯವರೆಗೆ ಅಂಗಡಿಯಲ್ಲಿ ಠಪ್ ಠಪ್ ಸದ್ದೇ. ಗೋಡೆಬಡಿತ ಕಲಿಸಲು ಪೈಲ್ವಾನರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಕೆಳಗೆ ಕರೆದುಕೊಂಡು ಹೋಗಿ, ಮೊದಲು ನಿಜವಾದ ಮಣ್ಣಿನಲ್ಲಿ ಬೀಳುವುದನ್ನು ಹೇಳಿಕೊಟ್ಟರು. ಕೆಂಪಾಗಿ ಮೇಲೆ ಬಂದವರ ಕೈಗೆ ನಾನು ಒದ್ದೆ ಬಟ್ಟೆ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ಹೊಸ ತೂಕ ಬಂದಾಗ ದೋಸೆ ಹೋಟೆಲಿನವನೂ ಒಲೆ ಬಿಟ್ಟು ಬಂದಿದ್ದ. ನಸ್ರೀನ್ ಓದಿದಳು. ಕೊಪ್ಪರಿಗೆ ಆಟದಲ್ಲೇ ಇದ್ದಾನೆ. ಮೈಯ ಭಾರ ವಾಪಸ್ಸು. ಗುದ್ದಿನ ಜೋರು ವಾಪಸ್ಸು. ಕೆಳಗೆ ಇನ್ನೊಂದು ಸಾಲು: ಎರಡನೇ ನೆಗೆತದ ಎತ್ತರ ಇಳಿಸಲಾಗಿದೆ.

"ಅದ್ಯಾಕ?" ಹುಡುಗರು ರೇಗಿದರು.

"ಗೋಡೆಬಡಿತನೂ ಕಂಡೈತಲ್ಲ ಅದಕ್ಕ" ಅಂದರು ದುರ್ಗೋಜಿ. ಅವರಿಗೆ ಸಿಟ್ಟು ಬಂದಿರಲಿಲ್ಲ. "ಜಾಣ ಆಗ್ಯಾನ ಹುಡುಗ. ಮೊನ್ನೆ ಇಲ್ಲದ ಶಕ್ತಿ ಕಂಡಿದ್ದ, ಇವತ್ತು ಇರೋದನ್ನ ಕಂಡಾನ. ಸರಿ ಐತಿ ಲೆಕ್ಕ." ಕುರ್ಚಿ ಎಳೆದುಕೊಂಡು ಕೂತರು. "ಬಾ ನಸ್ರೀನ್. ಹಳೇ ನಿಯಮ."

ಹಳೆಯ ನಿಯಮದಲ್ಲೇ ಆಡಿದರು. ಕೊಪ್ಪರಿಗೆ ಎರಡು ಸಲ ನೇತಾಡಿದ, ಎರಡು ಸಲವೂ ಮಿಂಚುಳ್ಳಿ ಹಿಂದೆ ಸರಿದು ನಿಂತಳು. ಮಂಗಳೂರಿನಲ್ಲಿ ಮೂರನೇ ತಟ್ಟೆ ಅದನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡಿತು. ಆಟವನ್ನು ನಸ್ರೀನ್ ಗೆದ್ದಳು. ಆಮೇಲೆ ಸಾಕಷ್ಟು ಸಲ ಗೆದ್ದಿದ್ದಾಳೆ.

ಒಟ್ಟಿನಲ್ಲಿ ಕೊಪ್ಪರಿಗೆ ಎರಡನೇ ನೆಗೆತದಲ್ಲಿ ಒಂದು ಗೇಣು ಕಳೆದುಕೊಂಡ. ಅದರಿಂದ ಅಂಚು ಮುಟ್ಟುವುದೇ ಕಷ್ಟವಾಗಿ, ಊರವರು ಅವನನ್ನು ಆಡಿಸಿ ಸುಲಭವಾಗಿ ಗೆಲ್ಲುವುದನ್ನು ಕಳೆದುಕೊಂಡರು. ನನ್ನ ಎರಡು ಕಂಟ್ರೋಲರ್ ಕೆಮ್ಮಣ್ಣು ಸೇರಿ ಕೆಟ್ಟವು. ಯಂತ್ರಕ್ಕೆ ಇಲ್ಲದ ಒಂದು ತಟ್ಟೆ ಬಂತು, ಎಲ್ಲರಿಗೂ ಒಂದು ಹೊಸ ಪಟ್ಟು ಸಿಕ್ಕಿತು, ಗರಡಿಗೆ ಏಳು ಜನ ಹೊಸ ಹುಡುಗರು ಸೇರಿದರು. ದುರ್ಗೋಜಿ ಪೈಲ್ವಾನರಿಗೆ ದಿನಾ ಸಂಜೆ ಓಡಾಡಲು ಒಂದು ಮೈ ಉಳಿಯಿತು.